ಫಟಫಟಿ ಮರೆತು ಕಲಿಯುವ ಬಗೆ

ಶ್ರಾವಣದ ದಿನಗಳು. ಶಲವಡಿಯ ಎರಿಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಗಡಿಬಿಡಿ. ಆಳುಗಳಿಗೆ ಬುತ್ತಿ ಮುಟ್ಟಿಸಬೇಕು, ಚೀಲ ತರಬೇಕು, ಅಣ್ಣಿಗೇರಿಯ ಪೇಟೆಗೆ ಹೋಗಿ ಧಾರಣೆ ಕೇಳಿಕೊಂಡು ಬರಬೇಕು. ಮುಗಿಲು ಯಾವಾಗ ಹರಿದೀತೆಂಬ ಅಂಜಿಕೆ ಬೇರೆ. ಇಂಥ ಹೊತ್ತಿನಲ್ಲಿ ರೈತನೊಬ್ಬನ ಫಟಫಟಿಯ ಮೀಟರಿನಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿತೆಂದೂ, ಗಾಡಿ ಮುಗ್ಗರಿಸತೊಡಗಿತೆಂದೂ ಇಟ್ಟುಕೊಳ್ಳಿ. ಆತನು ಅದನ್ನು ತಳ್ಳುತ್ತ ಊರಿನ ಗ್ಯಾರೇಜಿಗೆ ತರುತ್ತಾನೆ.

“ಯಾಕೋ ತಮ್ಮಾ, ದೀಪ ಹತ್ತೇತಿ, ಗಾಡಿ ಜಗ್ಗವಲ್ದು ನೋಡು.”

“ಏನಿಲ್ಲ ತಗೋರಿ ಕಾಕಾ. ಬ್ಯಾಟರಿ ವಾಯರ್ ಬಿಚ್ಚಿ ಹತ್ತ ಮಿನಿಟ ಬಿಡ್ತೇನಿ. ರೀಸೆಟ್ ಆಕ್ಕೇತಿ.”

ಹತ್ತು ಮಿನಿಟು ಕಳೆಯುತ್ತವೆ. ವಾಯರು ಜೋಡಿಸಿ ಕೀಲಿ ತಿರುವಿ ಇಂಜಿನ್ನು ಚಾಲೂ ಮಾಡಿದರೆ ದೀಪ ಆರಿದೆ! ಕಾಕಾ ಸಂತೋಷದಿಂದ ದುಡ್ಡು ಕೊಟ್ಟು ಹೋಗುತ್ತಾರೆ. ಮೂರನೆಯ ದಿನ ಕಾಲುವೆಯ ದಂಡೆಯ ಮೇಲೆ ಅದೇ ದೀಪ, ಅದೇ ಮುಗ್ಗರಿಕೆ. ಈ ಸಲ ಗಾಡಿಯನ್ನು ಟಂಟಂ ಮೇಲೆ ಹೇರಿಕೊಂಡು ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಒಂದು ದಿನದ ದುಡಿಮೆ ಹೋಯಿತು, ಬಾಡಿಗೆ ಹೋಯಿತು. ಒಣಗಿದ ಕಾಯಿ ಹೊಲದಲ್ಲಿಯೇ ಸಿಡಿಯಿತು.

ರೀಸೆಟ್ ಎಂಬ ಶಬ್ದವು ಈಗ ನಮ್ಮ ಗ್ಯಾರೇಜುಗಳಲ್ಲಿ ಮಂತ್ರದಂತೆ ಬಳಕೆಯಾಗುತ್ತಿದೆ. ಮೊಬೈಲು ನಿಂತಿತು, ರೀಸೆಟ್, ಟಿ.ವಿ. ನಿಂತಿತು, ರೀಸೆಟ್, ಫಟಫಟಿ ಮುಗ್ಗರಿಸಿತು, ಅದಕ್ಕೂ ರೀಸೆಟ್. ಮಂತ್ರ ಹಾಕಿದ ಮೇಲೆ ಏನು ಅಳಿಯಿತು, ಏನು ಉಳಿಯಿತು ಎಂಬುದನ್ನು ಕೇಳುವವರು ಕಡಿಮೆ. ಅದನ್ನು ಕೇಳಿ ನೋಡುವುದೇ ಈ ಭಾಷಣದ ಉದ್ದೇಶ. ಗಾಡಿ ಇಟ್ಟುಕೊಂಡವರಿಗೂ ಗಾಡಿ ರಿಪೇರಿಯಿಂದ ಹೊಟ್ಟೆ ಹೊರೆಯುವವರಿಗೂ ಇದರಿಂದ ಉಪಯೋಗವಾದೀತು.

ಮೊದಲು ಹಳೆಯ ಕ್ರಮವನ್ನು ನೆನೆಯೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಗಾಡಿಗಳನ್ನು ಹೊರತಂದು 1996ರಲ್ಲಿ ಬಾಗಿಲು ಹಾಕಿತು. ಆ ಜಾವಾ, ಯೆಜ್ದಿ ಗಾಡಿಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡ ಮೆಕ್ಯಾನಿಕರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಕಾಲದ ಇಂಜಿನ್ನಿಗೆ ಪೆಟ್ರೋಲು ಉಣಿಸುತ್ತಿದ್ದುದು ಕಾರ್ಬುರೇಟರು. ಇಂಜಿನ್ನು ಉಸಿರೆಳೆದಾಗ ಗಾಳಿ ಒಂದು ಕಿರಿದಾದ ಗಂಟಲಿನೊಳಗಿಂದ ಹಾಯುತ್ತದೆ. ಆ ರಭಸಕ್ಕೆ ಜೆಟ್ಟಿನ ಸಣ್ಣ ತೂತಿನಿಂದ ಪೆಟ್ರೋಲು ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಗಾಳಿ ಎಷ್ಟು, ಪೆಟ್ರೋಲೆಷ್ಟು ಎಂಬ ಪ್ರಮಾಣವನ್ನು ತೂತಿನ ಅಳತೆಯೂ ಒಂದೆರಡು ಸ್ಕ್ರೂಗಳೂ ನಿರ್ಧರಿಸುತ್ತಿದ್ದವು. ಮೆಕ್ಯಾನಿಕನು ಸ್ಕ್ರೂವನ್ನು ಪೂರ್ತಿ ಬಿಗಿದು, ಒಂದೂವರೆ ಸುತ್ತು ಸಡಿಲಿಸಿ, ಕಿವಿ ಕೊಟ್ಟು ಕೇಳಿ, ಇನ್ನೊಂದು ಕಾಲು ಸುತ್ತು ಅತ್ತಿತ್ತ ಮಾಡಿ, “ಈಗ ಸರಿ ಆತು” ಎನ್ನುತ್ತಿದ್ದನು. ಗಾಡಿಯ ನೆನಪು ಆ ಸ್ಕ್ರೂವಿನಲ್ಲಿತ್ತು. ಉಳಿದದ್ದು ಆತನ ಕಿವಿಯಲ್ಲಿತ್ತು.

ಈ ಕಲೆಗೆ ಒಂದು ಮಿತಿಯೂ ಇತ್ತೆಂಬುದನ್ನು ಒಪ್ಪಬೇಕು. ಒಂದು ಪಾಲು ಪೆಟ್ರೋಲು ಸರಿಯಾಗಿ ಸುಡಬೇಕಾದರೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಚಳಿಗಾಲದ ನಸುಕಿನ ಗಾಳಿ ದಟ್ಟ, ಏಪ್ರಿಲ್ ಮಧ್ಯಾಹ್ನದ ಗಾಳಿ ತೆಳು. ಸ್ಕ್ರೂ ಮಾತ್ರ ಇಟ್ಟಲ್ಲಿಯೇ ಇರುತ್ತದೆ. ಹೀಗಾಗಿ ಒಂದು ವೇಳೆಗೆ ಸರಿಯಾದ ಪ್ರಮಾಣ ಇನ್ನೊಂದು ವೇಳೆಗೆ ತಪ್ಪುತ್ತಿತ್ತು. ಸುಡದೆ ಉಳಿದ ಪೆಟ್ರೋಲು ಸೈಲೆನ್ಸರಿನಿಂದ ಹೊಗೆಯಾಗಿ ಹೊರಬೀಳುತ್ತಿತ್ತು.

ಇಂಜೆಕ್ಷನ್ ಎಂಬುದು ನಮ್ಮ ರೈತರಿಗೆ ಹೊಸ ಮಾತೇನೂ ಅಲ್ಲ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನೂ ನಾಜಲುಗಳನ್ನೂ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಆದರೂ ಟ್ರ್ಯಾಕ್ಟರಿನವರ ಬಾಯಲ್ಲಿ ಇಂದಿಗೂ ಮೈಕೋ ಪಂಪು ಮೈಕೋ ಪಂಪೇ. ನಾಜಲು ಹನಿ ಹಾಕಿದರೆ ಕರಿಹೊಗೆ ಬರುತ್ತದೆ, ಪಂಪಿನ ಅಳತೆ ತಪ್ಪಿದರೆ ಇಂಜಿನ್ನು ಜಗ್ಗುವುದಿಲ್ಲ ಎಂಬುದು ಪಂಪ್‌ಸೆಟ್ಟು ಇಟ್ಟ ಎಲ್ಲರಿಗೂ ಗೊತ್ತು. ಆ ಪಂಪಿನ ಅಳತೆಯನ್ನೂ ಮನುಷ್ಯನೇ ಕೈಯಿಂದ ಕೂಡಿಸುತ್ತಿದ್ದನು. ಹೊಸ ಫಟಫಟಿಯಲ್ಲಿ ಹೊಸದೇನೆಂದರೆ, ಅಳತೆಯ ಯಜಮಾನಿಕೆ ಮನುಷ್ಯನ ಕೈಯಿಂದ ಒಂದು ಚಿಕ್ಕ ಕರಿಯ ಪೆಟ್ಟಿಗೆಗೆ ಹೋಗಿದೆ. ಅದನ್ನು ಇ.ಸಿ.ಎಂ. ಎನ್ನುತ್ತಾರೆ, ಕೆಲವರು ಇ.ಸಿ.ಯು. ಎನ್ನುತ್ತಾರೆ.

ಈ ಪೆಟ್ಟಿಗೆ ನಮ್ಮ ದೇಶದ ಸಾಮಾನ್ಯ ಫಟಫಟಿಗೆ ಬಂದದ್ದು ಒಂದೇ ದಿನದಲ್ಲಲ್ಲ. 2006ರಲ್ಲಿ ಹೀರೋ ಹೋಂಡಾ ಗ್ಲ್ಯಾಮರ್ ಗಾಡಿಯ ಒಂದು ಬಗೆಯಲ್ಲಿ ಎಫ್.ಐ. ಬಂದಿತು. 2007ರ ಪಲ್ಸರ್ 220ರಲ್ಲಿಯೂ ಇತ್ತು. ಮೋಜೆಂದರೆ 2009ರಲ್ಲಿ ಅದೇ ಗಾಡಿ ತಿರುಗಿ ಕಾರ್ಬುರೇಟರಿಗೆ ಬಂದಿತು. ಕಡೆಗೆ ನಿರ್ಧಾರ ಮಾಡಿದ್ದು ಕಾಯದೆ. ಬಿ.ಎಸ್. 4ರ ಗಾಡಿಗಳನ್ನು 2020ರ ಏಪ್ರಿಲ್ 1ರಿಂದ ಮಾರಕೂಡದೆಂದು ಸುಪ್ರೀಮ್ ಕೋರ್ಟು 2018ರ ಅಕ್ಟೋಬರಿನಲ್ಲಿ ಹೇಳಿತು. ಬಿ.ಎಸ್. 6ರ ಹೊಗೆಯ ಮಿತಿಯೊಳಗೆ ಇರಬೇಕಾದರೆ ಹಳೆಯ ಸ್ಕ್ರೂವಿನ ಭರವಸೆ ಸಾಲದು. ಅಂದಿನಿಂದ ಹಾಲು ಹಾಕುವವನ ನೂರು ಸಿ.ಸಿ. ಗಾಡಿಗೂ ಇಂಜೆಕ್ಟರು ಬಂದಿತು. ಅದರ ಹಿಂದೆಯೇ ಹಳದಿ ದೀಪವೂ ಬಂದಿತು.

ಇದರ ಕೆಲಸ ಎಷ್ಟು ಸೂಕ್ಷ್ಮವೆಂಬುದಕ್ಕೆ ಒಂದು ಲೆಕ್ಕ ಹಾಕಿರಿ. ಲೀಟರಿಗೆ 60 ಕಿಲೋಮೀಟರು ಕೊಡುವ ಗಾಡಿ ಗಂಟೆಗೆ 50ರ ವೇಗದಲ್ಲಿ ಓಡುವಾಗ ಮಿನಿಟಿಗೆ ಉಣ್ಣುವ ಪೆಟ್ರೋಲು ಸುಮಾರು 14 ಮಿಲಿಲೀಟರು, ಅಂದರೆ ಮೂರು ಸಣ್ಣ ಚಮಚೆಯೊಳಗೆ. ಇಂಜಿನ್ನು ಮಿನಿಟಿಗೆ 4500 ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೊಂದರಂತೆ 2250 ತುತ್ತು. ಮೂರು ಚಮಚೆಯನ್ನು ಎರಡು ಸಾವಿರದ ಮೇಲೆ ತುತ್ತುಗಳಾಗಿ ಹಂಚಬೇಕು! ತೊಟ್ಟಿಯೊಳಗಿನ ಪಂಪು ಪೆಟ್ರೋಲನ್ನು ಸುಮಾರು ಮೂರು ಬಾರ್ ಒತ್ತಡದಲ್ಲಿ ಇಂಜೆಕ್ಟರಿನ ಬಾಯಿಗೆ ತಂದು ನಿಲ್ಲಿಸುತ್ತದೆ. ಪೆಟ್ಟಿಗೆಯು ಆ ಬಾಯನ್ನು ಒಂದು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಹೊತ್ತು ತೆರೆದು ಮುಚ್ಚುತ್ತದೆ. ತೆರೆದ ಹೊತ್ತು ಹೆಚ್ಚಾದಷ್ಟು ಪೆಟ್ರೋಲು ಹೆಚ್ಚು.

ಎಷ್ಟು ಹೊತ್ತು ತೆರೆಯಬೇಕೆಂಬುದು ಪೆಟ್ಟಿಗೆಗೆ ಹೇಗೆ ತಿಳಿಯುತ್ತದೆ? ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಸೆನ್ಸರುಗಳಿವೆ. ಎಕ್ಸಿಲೇಟರ್ ಎಷ್ಟು ತಿರುವಿದ್ದೀರಿ ಎಂದು ಒಂದು ಹೇಳುತ್ತದೆ. ಒಳಬರುವ ಗಾಳಿಯ ಒತ್ತಡವನ್ನೂ ಬಿಸಿಯನ್ನೂ ಬೇರೆಯವು ಹೇಳುತ್ತವೆ. ಇಂಜಿನ್ನಿನ ಬಿಸಿಯನ್ನು ಮತ್ತೊಂದು, ಸುತ್ತಿನ ವೇಗವನ್ನು ಇನ್ನೊಂದು. ಇವೆಲ್ಲವನ್ನು ಕೂಡಿಸಿ, ಕಾರ್ಖಾನೆಯವರು ಬರೆದಿಟ್ಟ ಒಂದು ಕೋಷ್ಟಕವನ್ನು ನೋಡಿ, ಪೆಟ್ಟಿಗೆ ತುತ್ತಿನ ಅಳತೆ ಮಾಡುತ್ತದೆ.

ಇಷ್ಟೇ ಆಗಿದ್ದರೆ ಇದು ಕೂಡ ಜಾಣ ಸ್ಕ್ರೂವಷ್ಟೇ ಆಗುತ್ತಿತ್ತು. ಆದರೆ ಸೈಲೆನ್ಸರಿನ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಎಂಬ ಇನ್ನೊಬ್ಬ ಸಾಕ್ಷಿಯಿದ್ದಾನೆ. ಸುಮಾರು 300 ಡಿಗ್ರಿ ಕಾಯ್ದ ಮೇಲೆಯೇ ಆತ ಬಾಯಿ ಬಿಡುವುದು. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಮಿಶ್ರಣ ತೆಳುವಾಯಿತೆಂದು 0.1 ವೋಲ್ಟಿನ ಕಡೆಗೆ ಇಳಿಯುತ್ತಾನೆ. ಉಳಿಯದಿದ್ದರೆ ದಟ್ಟವಾಯಿತೆಂದು 0.9ರ ಕಡೆಗೆ ಏರುತ್ತಾನೆ. ಪೆಟ್ಟಿಗೆಯು ಈ ಸಾಕ್ಷಿಯ ಮಾತಿನಂತೆ ತುತ್ತನ್ನು ತುಸು ಹೆಚ್ಚಿಸುತ್ತ, ತುಸು ಕಡಿಮೆ ಮಾಡುತ್ತ ಹೋಗುತ್ತದೆ.

ನಮ್ಮ ಪೇಟೆಯ ಅಡತಿ ಅಂಗಡಿಯಲ್ಲಿ ಕೀರ್ದಿ, ಖಾತೆ ಎಂದು ಎರಡು ಪುಸ್ತಕ ಇರುತ್ತವಲ್ಲ, ಇಲ್ಲಿಯೂ ಹಾಗೆಯೇ. ಆ ಗಳಿಗೆಯ ಹೆಚ್ಚು ಕಡಿಮೆ ಕೀರ್ದಿಯಲ್ಲಿ ಬೀಳುತ್ತದೆ. ದಿನವೂ ಕೀರ್ದಿಯಲ್ಲಿ ನೂರಕ್ಕೆ ಆರರಂತೆ ಹೆಚ್ಚು ಬೀಳುತ್ತಿದ್ದರೆ, ಇದು ಕಾಯಮ್ಮಿನ ಗಿರಾಕಿ ಎಂದು ತಿಳಿದು ಪೆಟ್ಟಿಗೆಯು ಆ ಆರನ್ನು ಖಾತೆಗೆ ಏರಿಸುತ್ತದೆ. ಮುಂದೆ ಕೋಷ್ಟಕವು ಮೂರು ಅಳತೆ ಎಂದರೆ, ಖಾತೆ ನೋಡಿ 3.18 ಅಳತೆ ಕೊಡುತ್ತದೆ. ಇದೇ ಗಾಡಿಯ ಹೊಂದಾಣಿಕೆ, ಅದರ ಕಲಿಕೆ. ಎಕ್ಸಿಲೇಟರ್ ಪೂರ್ತಿ ತಿರುವಿದಾಗ ಪೆಟ್ಟಿಗೆ ಸಾಕ್ಷಿಯ ಮಾತು ಕೇಳುವುದಿಲ್ಲ. ಆಗ ನಡೆಯುವುದು ಕೋಷ್ಟಕ ಮತ್ತು ಖಾತೆಯ ಮೇಲೆಯೇ. ಆದಕಾರಣ ಖಾತೆ ತಪ್ಪಿದ್ದರೆ ಏರಿನಲ್ಲಿ, ಭಾರ ಹೇರಿದಾಗ, ಅದು ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ಈ ಕಲಿಕೆಯ ಉಪಯೋಗ ಈಚಿನ ವರ್ಷಗಳಲ್ಲಿ ಒಳ್ಳೆಯ ಪರೀಕ್ಷೆಗೆ ಬಂದಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿಯವರು ಇ-20 ಪೆಟ್ರೋಲನ್ನು ಬಿಡುಗಡೆ ಮಾಡಿದರು. ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆಸಿದ ಪೆಟ್ರೋಲು ಅದು. ಬೆಳಗಾವಿ, ಬಾಗಲಕೋಟೆಗಳ ಕಬ್ಬೂ ಅದರಲ್ಲಿ ಇದ್ದೀತು. ಎಥನಾಲಿನೊಳಗೇ ತೂಕದ ಮೂರನೆಯ ಒಂದು ಪಾಲಿನಷ್ಟು ಆಮ್ಲಜನಕವಿದೆ. ಹೀಗಾಗಿ ಅದು ಸುಡಲು ಕೇಳುವ ಗಾಳಿ ಒಂಬತ್ತು ಪಾಲು ಮಾತ್ರ. ಬೆರಕೆಯ ಪೆಟ್ರೋಲಿಗೆ 14.7ರ ಬದಲು ಸುಮಾರು ಹದಿಮೂರೂವರೆ ಸಾಕು. ಎಂದರೆ ಅಷ್ಟೇ ಗಾಳಿಗೆ ಪೆಟ್ರೋಲು ಹೆಚ್ಚು ಬೇಕು. ಕಾರ್ಬುರೇಟರಿಗೆ ಇದು ತಿಳಿಯದು. ಹಳೆಯ ಗಾಡಿ ತೆಳು ಮಿಶ್ರಣದಲ್ಲಿ ಬಿಸಿಯಾಗಿ, ನಸುಕಿನಲ್ಲಿ ಸ್ಟಾರ್ಟ್ ಆಗಲು ಹಟ ಮಾಡೀತು. ಎಫ್.ಐ. ಗಾಡಿಯ ಸಾಕ್ಷಿಯು “ತೆಳುವಾಯಿತು” ಎನ್ನುತ್ತಾನೆ, ಪೆಟ್ಟಿಗೆ ತುತ್ತು ಹೆಚ್ಚಿಸುತ್ತದೆ, ಕೆಲ ದಿನಗಳಲ್ಲಿ ಖಾತೆ ಏರುತ್ತದೆ. ಯಾರೂ ಸ್ಕ್ರೂ ಮುಟ್ಟಬೇಕಾಗಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಒಂದು ಲೀಟರು ಎಥನಾಲು ಕೊಡುವ ಶಾಖ ಪೆಟ್ರೋಲಿನ ಮೂರನೆಯ ಎರಡು ಪಾಲು. ಆದ್ದರಿಂದ ಇ-20ರ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳು ಪಾಲು ಶಾಖ ಕಡಿಮೆ. ಮೈಲೇಜು ಅಷ್ಟರಮಟ್ಟಿಗೆ ಇಳಿದರೆ ಅದಕ್ಕೆ ರೀಸೆಟ್ ಮದ್ದಲ್ಲ. ಇಲ್ಲದ ಶಾಖವನ್ನು ಯಾವ ಪೆಟ್ಟಿಗೆಯೂ ಹುಟ್ಟಿಸದು. ಹೊಂದಾಣಿಕೆಗಾಗಿ ತುತ್ತು ಹೆಚ್ಚಿಸಿದ ಖಾತೆಯನ್ನು ಅಳಿಸಿದರೆ, ಎರಡು ದಿನ ಗಾಡಿ ಮುಗ್ಗರಿಸಿ ತಿರುಗಿ ಅಲ್ಲಿಗೇ ಬರುತ್ತದೆ.

ಈಗ ರೀಸೆಟ್ಟಿನ ವಿಚಾರ. ಪೆಟ್ಟಿಗೆಯಲ್ಲಿ ನೆನಪು ಮೂರು ಬಗೆಯದು. ಕಾರ್ಖಾನೆಯ ಕೋಷ್ಟಕ ಒಂದು. ಅದು ಕಲ್ಲಿನ ಶಾಸನದಂತೆ, ಗ್ಯಾರೇಜಿನ ರೀಸೆಟ್ಟಿನಿಂದ ಅಳಿಯದು. ಕಲಿತ ಖಾತೆ ಎರಡನೆಯದು. ದೋಷದ ಸಂಖ್ಯೆ ಮೂರನೆಯದು. ಯಾವ ಸೆನ್ಸರಿನ ಮಾತು ನಂಬಲಾಗಲಿಲ್ಲವೋ ಅದರ ಗುರುತು. ಬ್ಯಾಟರಿ ವಾಯರು ಬಿಚ್ಚಿದರೆ ಹಲವು ಗಾಡಿಗಳಲ್ಲಿ ಎರಡನೆಯದಾಗಲಿ ಮೂರನೆಯದಾಗಲಿ ಅಳಿಯುವುದೇ ಇಲ್ಲ. ಅವು ವಿದ್ಯುತ್ತಿಲ್ಲದೆಯೂ ಉಳಿಯುವ ನೆನಪಿನಲ್ಲಿರುತ್ತವೆ. ಮತ್ತೆ ಕಾಕಾರ ಗಾಡಿಯ ದೀಪ ಆರಿದ್ದೇಕೆ? ಸೀಟು ಬಿಚ್ಚಿ ವಾಯರು ಎಳೆದಾಡುವಾಗ ಸಡಿಲಾಗಿದ್ದ ಒಂದು ಜೋಡಣೆ ತುಸು ಅಲುಗಿ ಕೂಡಿಕೊಂಡಿತು, ಅಷ್ಟೇ. ಹಳ್ಳ ದಾಟುವಾಗ ಅದು ಮತ್ತೆ ಸಡಿಲಾಯಿತು. ಕೀರ್ತಿ ಬ್ಯಾಟರಿಗೆ ಬಂದಿತು, ದಂಡ ಕಾಕಾರಿಗೆ ಬಿದ್ದಿತು.

ಹಾಗಾದರೆ ಖಾತೆ ಅಳಿಸುವುದು ಯಾವಾಗ ಸರಿ? ಗಾಡಿ ಕಲಿತ ಪಾಠದ ಕಾರಣವೇ ಇಲ್ಲವಾದಾಗ. ಇದಕ್ಕೆ ಒಳ್ಳೆಯ ಉದಾಹರಣೆ ಥ್ರಾಟಲ್ ಬಾಡಿ. ಗಾಳಿ ಒಳಹೋಗುವ ಆ ಬಾಯಿಗೆ ವರ್ಷಗಟ್ಟಲೆ ಮಸಿ, ಧೂಳು, ಎಣ್ಣೆಯ ಆವಿ ಹತ್ತಿ ಹಾದಿ ಕಿರಿದಾಗುತ್ತದೆ. ನಿಂತಲ್ಲಿ ಇಂಜಿನ್ನು ಆರಬಾರದೆಂದು ಪೆಟ್ಟಿಗೆಯು ಪಕ್ಕದ ಗಾಳಿಬಾಗಿಲನ್ನು ದಿನದಿನಕ್ಕೆ ತುಸು ಹೆಚ್ಚು ತೆರೆಯುತ್ತ ಹೋಗುತ್ತದೆ. ಹಾಗೆ ತೆರೆಯುವುದನ್ನು ಕಲಿತಿರುತ್ತದೆ. ಮೆಕ್ಯಾನಿಕನು ಮಸಿಯನ್ನೆಲ್ಲ ತೊಳೆದು ಜೋಡಿಸಿದ ಕೂಡಲೆ ಗಾಡಿ ನಿಂತಲ್ಲಿಯೇ ಗುರ್ರೆಂದು ರೇಸಾಗುತ್ತದೆ. 1400ರ ಸುಮಾರಿಗೆ ಇರಬೇಕಾದ ಸ್ಲೋ ಸ್ಪೀಡು ಎರಡು ಸಾವಿರ ದಾಟುತ್ತದೆ. ಗಿರಾಕಿ, “ಛಲೋ ಇದ್ದ ಗಾಡಿ ಕೆಡಿಸಿದಿ” ಎನ್ನುತ್ತಾನೆ. ಕೆಲಸವೇನೂ ಕೆಟ್ಟಿಲ್ಲ. ಹಾದಿ ತೆರವಾಗಿದೆ, ಗಾಡಿಗೆ ಮಾತ್ರ ಹಳೆಯ ಹಾದಿಯ ನೆನಪಿದೆ. ಇಲ್ಲಿ ಖಾತೆ ಅಳಿಸಲೇಬೇಕು. ಇಂಜೆಕ್ಟರು, ಸೆನ್ಸರು, ಪಂಪು ಬದಲಿಸಿದಾಗಲೂ ಹೀಗೆಯೇ.

ಇದರ ತಿರುವುಮುರುವು ಸಂಗತಿಯೇ ಹೆಚ್ಚು ಮೋಸದ್ದು: ಗಾಡಿ ತಪ್ಪನ್ನು ಕಲಿತಿದೆ, ತಪ್ಪು ಇನ್ನೂ ಅಲ್ಲಿಯೇ ಇದೆ. ಸೈಲೆನ್ಸರಿನ ಮೇಲಿನ ಜೋಡಣೆಯ ಗ್ಯಾಸ್ಕೆಟ್ಟು ಸೀಳಿ, ಆಕ್ಸಿಜನ್ ಸೆನ್ಸರಿನ ಮುಂಚೆಯೇ ಹೊರಗಾಳಿ ಒಳನುಗ್ಗಿತೆನ್ನಿ. ಸಾಕ್ಷಿಗೆ ಆಮ್ಲಜನಕ ಕಾಣುತ್ತದೆ. “ತೆಳುವಾಯಿತು, ತೆಳುವಾಯಿತು” ಎಂದು ಕೂಗುತ್ತಾನೆ. ಪೆಟ್ಟಿಗೆಯು ಪೆಟ್ರೋಲು ಸುರಿಯುತ್ತದೆ. ಪ್ಲಗ್ಗು ಕರಿಯಾಗುತ್ತದೆ, ಮೈಲೇಜು ಬೀಳುತ್ತದೆ, ಹೊಗೆ ಮೂಗಿಗೆ ಹೊಡೆಯುತ್ತದೆ. ಸ್ಕ್ಯಾನರಿನಲ್ಲಿ ನೋಡಿದರೆ ಮಾತ್ರ “ಮಿಶ್ರಣ ತೆಳು” ಎಂದೇ ಬರೆದಿರುತ್ತದೆ! ಸಾಕ್ಷಿ ಸುಳ್ಳು ಹೇಳಿಲ್ಲ; ಅವನ ಮುಂದೆ ನಡೆದದ್ದೇ ಬೇರೆ. ಇಂಥಲ್ಲಿ ಖಾತೆ ಅಳಿಸುವುದೆಂದರೆ ಗೋಡೆಯ ಬಿರುಕಿಗೆ ಸುಣ್ಣ ಬಳಿದಂತೆ. ಪ್ಲಗ್ಗನ್ನು ಬಿಚ್ಚಿ ಬಣ್ಣ ನೋಡುವ ಹಳೆಯ ರೂಢಿಯನ್ನು ಬಿಡಬೇಡಿರಿ. ಪೆಟ್ಟಿಗೆಯ ಮಾತೂ ಪ್ಲಗ್ಗಿನ ಬಣ್ಣವೂ ಒಂದಕ್ಕೊಂದು ತಾಳೆಯಾಗದಿದ್ದರೆ, ಎಲ್ಲಿಯೋ ಕಳ್ಳಗಾಳಿ ಇರಬಹುದೆಂದು ಸಂಶಯ ಪಡಬೇಕು.

ಎರಿನಾಡಿನಲ್ಲಿ ಸಾಕ್ಷಿಗಳನ್ನು ಕೆಡಿಸುವ ಕಾರಣಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಎರಿಮಣ್ಣು ಅಂಟಿನಂತೆ ಮಡ್ಗಾರ್ಡಿನ ಒಳಗೆಲ್ಲ ಮೆತ್ತಿಕೊಂಡು ತಂತಿಗಳನ್ನು ಎಳೆಯುತ್ತದೆ. ಅದನ್ನು ತೊಳೆಯಲು ಸರ್ವಿಸಿಂಗಿನವರು ಪಿಚಕಾರಿಯಂಥ ನೀರನ್ನು ಸೀಟಿನಡಿಯ ಜೋಡಣೆಗಳಿಗೇ ಹೊಡೆಯುತ್ತಾರೆ. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಏರ್ ಫಿಲ್ಟರನ್ನು ತುಂಬುತ್ತದೆ. ಕಾಳಿನ ಚೀಲದ ಪಕ್ಕದಲ್ಲಿ ಗಾಡಿ ನಿಲ್ಲಿಸಿದರೆ ಇಲಿಗಳು ತಂತಿಯ ಮೇಲೆ ಹಲ್ಲು ಮಸೆಯುತ್ತವೆ. ಎಥನಾಲು ನೀರನ್ನು ಹೀರುತ್ತದೆಂಬುದನ್ನೂ ಮರೆಯಬಾರದು: ತೊಟ್ಟಿಗೆ ನೀರು ಸೇರಿ ಪ್ರಮಾಣ ಮೀರಿದರೆ, ನೀರೂ ಎಥನಾಲೂ ಕೂಡಿ ಬೇರೆಯಾಗಿ ತಳಕ್ಕಿಳಿಯುತ್ತವೆ. ಪಂಪು ಹೀರುವುದು ತಳದಿಂದಲೇ. ಬಾಟಲಿಯಲ್ಲಿ ಮಾರುವ ಪೆಟ್ರೋಲನ್ನು ನಂಬಿದವರಿಗೆ ಈ ಅನುಭವ ಬೇಗ ಆದೀತು. ಯಾವಾಗಲೂ ರಿಸರ್ವಿನಲ್ಲಿಯೇ ಓಡಿಸುವ ಚಟವೂ ಒಳ್ಳೆಯದಲ್ಲ. ತೊಟ್ಟಿಯೊಳಗಿನ ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ.

ಕ್ರಮವನ್ನು ಹೇಳುವೆನು. ಕಂಪನಿಯಿಂದ ಕಂಪನಿಗೆ ವಿವರ ಬೇರೆಯಾಗುತ್ತದೆ. ಆಯಾ ಗಾಡಿಯ ಕೈಪಿಡಿಯ ಮಾತೇ ಕೊನೆಯ ಮಾತು. ಆದರೆ ಮೊದಲು ಓದುವುದು, ಆಮೇಲೆ ಹುಡುಕುವುದು, ಆಮೇಲೆ ಅಳಿಸುವುದು, ಕೊನೆಗೆ ಕಲಿಸುವುದು ಎಂಬುದು ಎಲ್ಲ ಗಾಡಿಗಳಿಗೂ ಒಂದೇ.

ಓದಲು ಸ್ಕ್ಯಾನರಿದ್ದರೆ ಸುಲಭ. ಅದಿಲ್ಲದೆಯೂ ಹಲವು ಗಾಡಿಗಳ ದೀಪವೇ ಮಿಣುಕಿ ಸಂಖ್ಯೆ ಹೇಳುತ್ತದೆ. ಹೋಂಡಾ ಕ್ರಮದಲ್ಲಿ ದೀರ್ಘ ಮಿಣುಕು ಒಂದಕ್ಕೆ ಹತ್ತು, ಚಿಕ್ಕದಕ್ಕೆ ಒಂದು. ಏಳು ಚಿಕ್ಕ ಮಿಣುಕುಗಳಾದರೆ ಇಂಜಿನ್ನಿನ ಬಿಸಿಯ ಸೆನ್ಸರು, ಎಂಟಾದರೆ ಥ್ರಾಟಲಿನದು, ಒಂದು ದೀರ್ಘ, ಎರಡು ಚಿಕ್ಕವಾದರೆ ಹನ್ನೆರಡು, ಇಂಜೆಕ್ಟರು, ಎರಡು ದೀರ್ಘ, ಒಂದು ಚಿಕ್ಕದಾದರೆ ಇಪ್ಪತ್ತೊಂದು, ಆಕ್ಸಿಜನ್ ಸೆನ್ಸರು. ಈ ಸಂಖ್ಯೆಯು “ಸೆನ್ಸರು ಸತ್ತಿದೆ” ಎಂದು ಹೇಳುವುದಿಲ್ಲ. “ಆ ಕಡೆಯ ಮಾತು ನನಗೆ ಸರಿಯಾಗಿ ಕೇಳಿಸುತ್ತಿಲ್ಲ” ಎಂದಷ್ಟೇ ಹೇಳುತ್ತದೆ. ಸಂಖ್ಯೆ ನೋಡಿ ನೇರವಾಗಿ ಹೊಸ ಸೆನ್ಸರು ತರಿಸುವವರು ಗಿರಾಕಿಯ ದುಡ್ಡನ್ನು ಸುಡುತ್ತಾರೆ. ಮೊದಲು ತಂತಿ, ಜೋಡಣೆ, ಪಿನ್ನಿನ ಹಸಿರು ಕಿಲುಬು ನೋಡಬೇಕು.

ಹುಡುಕಲು ಒಂದು ಸಾಧಾರಣ ಮಲ್ಟಿಮೀಟರು ಬಹಳ ದೂರ ಕರೆದೊಯ್ಯುತ್ತದೆ. ಬಿಸಿಯ ಸೆನ್ಸರಿನ ತಡೆ ತಣ್ಣಗಿದ್ದಾಗ ಕೆಲವು ಸಾವಿರ ಓಮು, ಬಿಸಿಯಾದಂತೆ ಇಳಿಯಬೇಕು. ಇಂಜೆಕ್ಟರಿನದು ಸಾಮಾನ್ಯವಾಗಿ ಹತ್ತು ಹನ್ನೆರಡು ಓಮಿನ ಸುಮಾರು. ಥ್ರಾಟಲ್ ಸೆನ್ಸರಿನ ವೋಲ್ಟು ಎಕ್ಸಿಲೇಟರ್ ತಿರುವಿದಂತೆ ಒಂದೇ ಸಮನೆ ಏರಬೇಕು, ನಡುವೆ ಎಲ್ಲಿಯೂ ಹಾರಕೂಡದು. ಆದರೆ ಬಲ್ಬಿಗೆ ಮಾಡುವಂತೆ ಸೆನ್ಸರಿಗೆ ಬ್ಯಾಟರಿಯ ಹನ್ನೆರಡು ವೋಲ್ಟು ತಾಗಿಸಿ ಪರೀಕ್ಷಿಸುವ ಧೈರ್ಯ ಬೇಡ. ಐದು ವೋಲ್ಟಿನಲ್ಲಿ ಬಾಳುವ ಜೀವಗಳವು.

ದೋಷ ಕಳೆದ ಮೇಲೆ ಅಳಿಸುವ ಕೆಲಸ. ಸ್ಕ್ಯಾನರಿನಲ್ಲಾದರೆ ಅದಕ್ಕೆ ಪ್ರತ್ಯೇಕ ಗುಂಡಿಯಿದೆ. ದೋಷದ ಸಂಖ್ಯೆ ಅಳಿಸುವುದು ಬೇರೆ, ಕಲಿತ ಖಾತೆ ಅಳಿಸುವುದು ಬೇರೆ ಎಂಬುದನ್ನು ನೋಡಿ ಒತ್ತಬೇಕು. ಹೋಂಡಾ ಕ್ರಮದ ಗಾಡಿಗಳಲ್ಲಿ ದೋಷದ ಸಂಖ್ಯೆಯನ್ನು ಒಂದು ತುಂಡು ತಂತಿಯಿಂದಲೂ ಅಳಿಸಬಹುದು. ಸರ್ವಿಸ್ ಜೋಡಣೆಯ ಎರಡು ಪಿನ್ನುಗಳನ್ನು ತಂತಿಯಿಂದ ಕೂಡಿಸಿ ಕೀಲಿ ತಿರುವುವುದು. ತಂತಿ ತೆಗೆದ ಕೂಡಲೆ ದೀಪ ಐದು ಸೆಕೆಂಡಿನಷ್ಟು ಬೆಳಗುತ್ತದೆ. ಅಷ್ಟರೊಳಗೆ ತಿರುಗಿ ಕೂಡಿಸಿದರೆ ದೀಪ ಆರಿ ಮಿಣುಕತೊಡಗುತ್ತದೆ. ಅಳಿಯಿತೆಂದು ತಿಳಿಯಬೇಕು. ಯಾವ ಪಿನ್ನುಗಳೆಂಬುದನ್ನು ಕೈಪಿಡಿ ನೋಡದೆ ಊಹಿಸಬಾರದು.

ಕೊನೆಯದಾದ ಕಲಿಸುವ ಕೆಲಸವನ್ನು ಬಹಳ ಮಂದಿ ಮಾಡುವುದೇ ಇಲ್ಲ. ಖಾತೆ ಅಳಿಸಿದ ಗಾಡಿ ಊರಿಗೆ ಹೊಸದಾಗಿ ಬಂದ ಮಾಸ್ತರನಂತೆ. ಯಾರ ಪರಿಚಯವೂ ಇಲ್ಲ. ಇಂಜಿನ್ನು ತಣ್ಣಗಿರುವಾಗ ಕೀಲಿ ತಿರುವಿರಿ. ಪಂಪಿನ ಸಣ್ಣ ಗುಂಯ್ ಸಪ್ಪಳ ನಿಲ್ಲುವವರೆಗೆ ತಡೆಯಿರಿ. ಎಕ್ಸಿಲೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ಇಂಜಿನ್ನು ಚೆನ್ನಾಗಿ ಕಾಯುವವರೆಗೆ ಹಾಗೆಯೇ ಬಿಡಿರಿ. ಈ ಹತ್ತು ಮಿನಿಟಿನಲ್ಲಿ ಅದು ನಿಂತಲ್ಲಿ ಉಸಿರಾಡುವುದನ್ನು ಕಲಿಯುತ್ತದೆ. ನಮ್ಮ ಜನರ ಕೈ ಸುಮ್ಮನಿರುವುದಿಲ್ಲ. ಎರಡು ಸಲ ರೇಸ್ ಮಾಡದೆ ಗಾಡಿ ಬಿಸಿಯಾಗದೆಂಬ ನಂಬಿಕೆ. ಆ ಕೈಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದು ಲೇಸು. ಅನಂತರ ನಿಧಾನವಾಗಿ, ವೇಗವಾಗಿ, ಒಬ್ಬರೇ, ಇಬ್ಬರಾಗಿ ಎರಡು ಮೂರು ದಿನ ಎಂದಿನಂತೆ ಓಡಿಸಿರಿ. ಆ ದಿನಗಳಲ್ಲಿ ಮೈಲೇಜು ಅಳೆದು ತೀರ್ಪು ಕೊಡಬೇಡಿರಿ.

ಗಾಡಿಯನ್ನು ಬೇರೊಂದು ರೀತಿ “ಹೊಂದಿಸುವ” ತರುಣರೂ ಇದ್ದಾರೆ. ಗುಡುಗುವ ಸೈಲೆನ್ಸರು ಹಾಕಿ, ಏರ್ ಫಿಲ್ಟರು ಕಿತ್ತು, ಸೆನ್ಸರಿಗೆ ಸುಳ್ಳು ಹೇಳಿಸುವ ಪುಟ್ಟ ಪೆಟ್ಟಿಗೆಯನ್ನು ನಡುವೆ ಸೇರಿಸುತ್ತಾರೆ. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮು ಇಂಥ ಮಾರ್ಪಾಟಿಗೆ ಅಡ್ಡ ನಿಲ್ಲುತ್ತದೆ. ಕಾಯದೆಯ ಮಾತು ಇರಲಿ, 100 ಸಿ.ಸಿ. ಗಾಡಿಯ ಸಾಕ್ಷಿಯ ಬಾಯಿ ಕಟ್ಟಿ ಪೆಟ್ರೋಲು ಸುರಿದರೆ ಬರುವ ಶಕ್ತಿ ಅತ್ಯಲ್ಪ, ಬರುವ ಸಪ್ಪಳವೇ ಬಹಳ.

ಇನ್ನು ಊರಿನ ಮೆಕ್ಯಾನಿಕನ ಪ್ರಶ್ನೆ. ಆತನ ಕಿವಿ, ಕೈ ಈಗಲೂ ಬೇಕು. ಆದರೆ ಪೆಟ್ಟಿಗೆಯೊಡನೆ ಮಾತಾಡುವ ಬಾಯಿ ಶೋರೂಮಿನಲ್ಲಿ ಮಾತ್ರ ಇರುವುದಾದರೆ ಹಳ್ಳಿಯ ಗ್ಯಾರೇಜು ಪಂಚರಿಗೂ ಎಣ್ಣೆ ಬದಲಿಗೂ ಇಳಿದೀತು. ಇದು ಬರಿಯ ಅಂಜಿಕೆಯಲ್ಲ. ಬಿಡಿಭಾಗಗಳನ್ನೂ ಪರೀಕ್ಷೆಯ ಸಲಕರಣೆಗಳನ್ನೂ ಹೊರಗಿನ ರಿಪೇರಿಯವರಿಗೆ ಸಿಗದಂತೆ ಮಾಡಿದ್ದಕ್ಕಾಗಿ 2014ರ ಆಗಸ್ಟಿನಲ್ಲಿ ಭಾರತ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಯ ದಂಡ ವಿಧಿಸಿತು. ಅದರ ಮೇಲೆ ಮೇಲ್ಮನವಿಗಳೂ ಆದವು. ಆದರೂ ರಿಪೇರಿಯ ವಿದ್ಯೆಯನ್ನು ಬೀಗ ಹಾಕಿ ಇಡಕೂಡದೆಂಬ ವಾದ ಅಲ್ಲಿ ದಾಖಲಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ಇಲಾಖೆ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು. ವಾಹನಗಳೂ ಒಕ್ಕಲುತನದ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಈ ಹಕ್ಕು ನೂರು ಸಿ.ಸಿ. ಗಾಡಿಯವರೆಗೆ, ಶಲವಡಿಯಂಥ ಊರಿನವರೆಗೆ ಇಳಿದು ಬರಬೇಕು. ಕೈಪಿಡಿ ಕನ್ನಡದಲ್ಲಿ ಬರಬೇಕು. ಕನ್ನಡದಲ್ಲಿ ಬರೆಯಲಾಗದಂಥದ್ದು ಅದರಲ್ಲೇನೂ ಇಲ್ಲ.

ಅಲ್ಲಿಯವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. ಹೊಸ ಗಾಡಿಗಳಲ್ಲಿ ಬಹಳಷ್ಟಕ್ಕೆ ಆರು ಪಿನ್ನಿನ ಒಂದೇ ಬಗೆಯ ಕೆಂಪು ಜೋಡಣೆ ಇರುತ್ತದೆ. ಮೊಬೈಲಿಗೆ ಕೂಡುವ ಸಾಧಾರಣ ಸ್ಕ್ಯಾನರುಗಳು ಕೆಲವು ಸಾವಿರ ರೂಪಾಯಿಗೆ ದೊರೆಯುತ್ತವೆ. ಒಬ್ಬನಿಗೆ ಭಾರವಾದರೆ ಸುತ್ತಲಿನ ಮೂರು ನಾಲ್ಕು ಗ್ಯಾರೇಜಿನವರು ಕೂಡಿ ಒಂದು ತರಿಸಬಹುದು. ಪಾಲಿನಲ್ಲಿ ರಾಶಿಯಂತ್ರ ತರುವ ಊರಿಗೆ ಇದು ಹೊಸ ಪದ್ಧತಿಯಲ್ಲ. ಅದರ ಜೊತೆಗೆ ಎರಡು ಕಾಸಿನ ಒಂದು ನೋಟುಬುಕ್ಕನ್ನೂ ಇಡಿರಿ. ಅಳಿಸುವ ಮುಂಚೆ ದೋಷದ ಸಂಖ್ಯೆ, ತಾರೀಖು, ಗಾಡಿ ಎಷ್ಟು ಕಿಲೋಮೀಟರು ಓಡಿದೆ, ಯಾವ ಜೋಡಣೆಯಲ್ಲಿ ಕೆಸರು ಸಿಕ್ಕಿತು ಎಂಬುದನ್ನು ಅದರಲ್ಲಿ ಬರೆಯಿರಿ. ಪೆಟ್ಟಿಗೆ ಅದನ್ನು ಮರೆಯುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಗಾಡಿ ಅದೇ ಸಂಖ್ಯೆ ಹೊತ್ತು ಬಂದಾಗ ಯಾವ ತಂತಿಯಿಂದ ಹುಡುಕಬೇಕೆಂಬುದು ನೋಟುಬುಕ್ಕಿನಲ್ಲಿ ಇರುತ್ತದೆ.